ವಕೀಲರನ್ನು ಕೇಳಿ: ಅರಣ್ಯ ಹಕ್ಕು, ಬಗರ್ ಹುಕುಂ (ಸರ್ಕಾರಿ ಜಾಗದ ಅನಧಿಕೃತ ಸಾಗುವಳಿ ಸಕ್ರಮ), 94ಸಿ (ಸರ್ಕಾರಿ ಜಾಗದ ಮನೆ ಸಕ್ರಮ)

ಅಡ್ಮಿನ್: ಚಿಕ್ಕಮಗಳೂರಿನ ನಮ್ಮ ವಕೀಲರು ಇವತ್ತು ಸಂಜೆ ಆರರಿಂದ ಗುಂಪಿನಲ್ಲಿರ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಹಿಂದಿನ ಉತ್ತರ ಓದಿ ಆಮೇಲೆ ಕೇಳಿ. ದಯವಿಟ್ಟು ಶುಭಸಂಜೆ ಫೋಟೋ ಬೇಡ.

ಆಲ್ದೂರು ಬೆಳೆಗಾರ: ಸರ್, ಬಗರ್ ಹುಕುಂ ಸಕ್ರಮಕ್ಕೆ ನಮೂನೆ 57ರಲ್ಲಿ ಅರ್ಜಿ ಹಾಕಿ ವರ್ಷಗಳಾದವು. ಈಗ ಆ ಸರ್ವೆ ನಂಬರು ಅರಣ್ಯ ಅಂತಿದಾರೆ. ಮಂಜೂರಾಗುತ್ತಾ?

ವಕೀಲರು: ಅರಣ್ಯ ಆಗಿದ್ದರೆ ಇಲ್ಲ. ನಮೂನೆ 50, 53, 57 ಮೂರೂ ಕಂದಾಯ ಭೂಮಿಗೆ. ಆದರೆ "ಅಂತಿದಾರೆ" ಅನ್ನೋದು ದಾಖಲೆ ಅಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 ಮಾತ್ರ ಆಗಿದೆಯಾ, ಸೆಕ್ಷನ್ 17ರಲ್ಲಿ ಮೀಸಲು ಅರಣ್ಯ ಅಂತ ಘೋಷಣೆಯೂ ಆಗಿದೆಯಾ, ಅಧಿಸೂಚನೆ ಪ್ರತಿ ತೆಗೆಸಿ ನೋಡಿ. ಬರೀ ಸೆಕ್ಷನ್ 4 ಅಂದರೆ ಸರ್ಕಾರ ಉದ್ದೇಶ ಪ್ರಕಟಿಸಿದೆ ಅಷ್ಟೇ. ಅರಣ್ಯ ವ್ಯವಸ್ಥಾಪನಾಧಿಕಾರಿ ಮುಂದೆ ನಿಮ್ಮ ತಕರಾರಿಗೆ ಜಾಗ ಇದೆ.

ಶೃಂಗೇರಿ ಅಡಿಕೆ: ನಮೂನೆ 57ಕ್ಕೆ ಮತ್ತೆ ಅವಕಾಶ ಕೊಟ್ಟಿದಾರಂತಲ್ಲ ಸರ್?

ವಕೀಲರು: ತಾಲೂಕು ಕಚೇರಿ ಬೋರ್ಡ್ ನೋಡಿ.

ಕಳಸ ಕಡೆಯವನು: ಸರ್, ಇದು ನಮ್ಮ ಅತ್ತೆಯ ವಿಷಯ. ನಾವು ಮಲೆಕುಡಿಯರು. ಮಾವ ತೀರಿಕೊಂಡಿದಾರೆ. ಕಾಡಂಚಲ್ಲಿ ಎರಡೂಕಾಲು ಎಕರೆ, ಏಲಕ್ಕಿ, ಮೆಣಸು, ಸ್ವಲ್ಪ ಕಾಫಿ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ದರು, ಗ್ರಾಮಸಭೆ ಒಪ್ಪಿ ಕಳಿಸಿತ್ತು. ಮೊನ್ನೆ ಒಂದು ಚೀಟಿ ಬಂತು. "ಉಪಗ್ರಹ ಚಿತ್ರದಲ್ಲಿ 2005ಕ್ಕೆ ಮೊದಲು ಸಾಗುವಳಿ ಕಂಡುಬಂದಿಲ್ಲ, ತಿರಸ್ಕರಿಸಿದೆ." ಒಂದೇ ಸಾಲು. ನಾಳೆ ಬೆಳಿಗ್ಗೆ ಫಾರೆಸ್ಟ್ ಗಾರ್ಡ್ ಬಂದು ಇನ್ನೊಂದು ಕಾಗದಕ್ಕೆ ಸಹಿ ಹಾಕಿಸ್ಕೋತಾರಂತೆ. "ಸ್ವಇಚ್ಛೆಯಿಂದ ತೆರವು" ಅಂತ ಮೇಲೆ ಬರೆದಿದೆ.

ವಕೀಲರು: ಮೊದಲು ಇದು. ಆ ಎರಡನೇ ಕಾಗದಕ್ಕೆ ಸಹಿ ಬೇಡ. ಉಳಿದದ್ದು ಬರೀತೀನಿ, ಐದು ನಿಮಿಷ ಕೊಡಿ.

ಮಲೆನಾಡ ಮಗ: *ಫಾರ್ವರ್ಡ್ ಮಾಡಲಾಗಿದೆ.* ಸರ್ಕಾರಿ ಜಾಗದಲ್ಲಿ 12 ವರ್ಷ ಇದ್ದವರಿಗೆ ಜಾಗ ಸ್ವಂತ!! ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿ. ಕರೆಂಟ್ ಬಿಲ್ ಜೊತೆ ಇಟ್ಟರೆ ಯಾರೂ ಎಬ್ಬಿಸುವಂತಿಲ್ಲ. ಹತ್ತು ಜನರಿಗೆ ಕಳಿಸಿ.

ವಕೀಲರು: ಹತ್ತು ಜನರಿಗೆ ಕಳಿಸಬೇಡಿ. 12 ವರ್ಷ ಖಾಸಗಿಯವರ ಮೇಲಿನ ದಾವೆಗೆ. ಸರ್ಕಾರದ ವಿಷಯದಲ್ಲಿ ಕಾಲಮಿತಿ ಕಾಯ್ದೆ 30 ವರ್ಷ ಅನ್ನುತ್ತೆ, ಅದನ್ನು ನಂಬಿ ಕೋರ್ಟಿಗೆ ಹೋದವರು ಸುಲಭಕ್ಕೆ ಗೆದ್ದದ್ದಿಲ್ಲ. "ಸರ್ಕಾರಿ ಜಾಗ ನನ್ನ ಅನಧಿಕೃತ ಸ್ವಾಧೀನದಲ್ಲಿದೆ" ಅಂತ ನೀವೇ ಬರೆದು, ನೋಟರಿಗೂ ದುಡ್ಡು ಕೊಟ್ಟು, ತಪ್ಪೊಪ್ಪಿಗೆ ತಯಾರು ಮಾಡಿಟ್ಟುಕೊಳ್ತೀರಿ. ಭೂಕಂದಾಯ ಕಾಯ್ದೆ 192ಎ ಅಂತ ಒಂದಿದೆ, ಸರ್ಕಾರಿ ಭೂಮಿ ಅತಿಕ್ರಮಣ ಅಪರಾಧ ಅಂತ. ಅದನ್ನು ಫಾರ್ವರ್ಡ್ ಮಾಡಿ.

ಈಗ ಕಳಸದವರಿಗೆ.

ನಿಮ್ಮ ಅತ್ತೆ ಪರಿಶಿಷ್ಟ ಪಂಗಡ. ಹಾಗಾಗಿ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅವರು ತೋರಿಸಬೇಕಾದ್ದು 13-12-2005ಕ್ಕೆ ಮೊದಲೇ ಜಾಗ ಅವರ ಕೈಯಲ್ಲಿತ್ತು ಅನ್ನೋದು. 75 ವರ್ಷ, ಮೂರು ತಲೆಮಾರು ಅನ್ನೋದು ಪರಿಶಿಷ್ಟ ಪಂಗಡದವರಲ್ಲದ ಇತರೆ ಪಾರಂಪರಿಕ ಅರಣ್ಯವಾಸಿಗಳಿಗೆ. ಯಾರಾದರೂ ನಿಮ್ಮ ಹತ್ತಿರ 1930ರ ಕಾಗದ ಕೇಳಿದರೆ ಕೊಡಬೇಕಿಲ್ಲ.

ಉಪಗ್ರಹ ಚಿತ್ರದ ಕಥೆ ಇನ್ನೂ ಚೆನ್ನಾಗಿದೆ. ಏಲಕ್ಕಿ, ಮೆಣಸು ನೆರಳಿನ ಬೆಳೆ. ಮೇಲಿಂದ ನೋಡಿದರೆ ಮರದ ತಲೆ ಬಿಟ್ಟು ಇನ್ನೇನು ಕಾಣಬೇಕು? ಬಯಲುಸೀಮೆಯ ರಾಗಿ ಹೊಲಕ್ಕೆ ಮಾಡಿದ ಪರೀಕ್ಷೆಯನ್ನು ಇಲ್ಲಿಗೆ ತಂದಿದಾರೆ. ಮರ ಕಡಿದವರ ಜಾಗ ಚಿತ್ರದಲ್ಲಿ ಬೋಳಾಗಿ ಕಾಣುತ್ತೆ, ಮರ ಉಳಿಸಿಕೊಂಡವರ ಜಾಗ ಕಾಡಾಗಿ ಕಾಣುತ್ತೆ. ಇಂಥ ಚಿತ್ರ ಸಾಕ್ಷ್ಯಕ್ಕೆ ಪೂರಕ ಮಾತ್ರ, ಬದಲಿ ಅಲ್ಲ ಅಂತ ಕೇಂದ್ರ ಬುಡಕಟ್ಟು ಸಚಿವಾಲಯ 2012ರ ಜುಲೈನಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಈ ಕಾಯ್ದೆಯ ನಿಯಮ 13 ತೆಗೆದು ನೋಡಿ, ಏನೆಲ್ಲ ಸಾಕ್ಷ್ಯ ಆಗುತ್ತೆ ಅಂತ ಅದರಲ್ಲಿದೆ. ಮನೆ, ಬದು, ಬಾವಿ, ಸಮಾಧಿ, ದೈವದ ಸ್ಥಾನ, ವಂಶವೃಕ್ಷ, ಮತದಾರರ ಪಟ್ಟಿ, ಪಡಿತರ ಚೀಟಿ, ಊರಿನ ಹಿರಿಯರಿಂದ ಬರೆದುಕೊಂಡ ಹೇಳಿಕೆ. ಹಿರಿಯರು ಅರ್ಜಿದಾರರೇ ಆಗಿರಬಾರದು. ಇವುಗಳಲ್ಲಿ ಕನಿಷ್ಠ ಎರಡು ಬೇಕು. ಅತ್ತೆ, ಮಾವನ ಮೇಲೆ ಯಾವಾಗಾದರೂ ಅರಣ್ಯ ಕೇಸು ಆಗಿತ್ತಾ?

ಕಳಸ ಕಡೆಯವನು: ಆಗಿತ್ತು ಸರ್, ಮಾವನ ಮೇಲೆ. 1998ರಲ್ಲಿ, ಏಲಕ್ಕಿ ಗಿಡ ನೆಟ್ಟಿದ್ದಕ್ಕೆ. ದಂಡ ಕಟ್ಟಿದ ರಸೀದಿ ಟ್ರಂಕಲ್ಲಿದೆ. ಅದು ತೋರಿಸಿದ್ರೆ ತೊಂದ್ರೆ ಅಂತ ಮುಚ್ಚಿಟ್ಟಿದಾರೆ.

ವಕೀಲರು: ಬಂಗಾರದಂಥ ಕಾಗದ! ಮಾವ 1998ರಲ್ಲಿ ಅಲ್ಲೇ ಏಲಕ್ಕಿ ಬೆಳೀತಿದ್ದರು ಅಂತ ಇಲಾಖೆಯೇ ಮೊಹರು ಹಾಕಿ ಕೊಟ್ಟಿದೆ. ಅರಣ್ಯ ಇಲಾಖೆ ದಾಖಲೆ, ಕೋರ್ಟ್ ದಾಖಲೆ ಎರಡೂ ನಿಯಮ 13ರಲ್ಲಿ ಸಾಕ್ಷ್ಯವೇ. ರಸೀದಿಯಲ್ಲಿ ಜಾಗದ ಹೆಸರು, ಸರ್ವೆ ನಂಬರು ಓದಲು ಬರುತ್ತಾ ನೋಡಿ. ಲ್ಯಾಮಿನೇಷನ್ ಮಾಡಿಸಬೇಡಿ.

ಹುಲಿಹೆಜ್ಜೆ: ಹೀಗೇ ಒಬ್ಬೊಬ್ಬರಿಗೂ ಕೊಡ್ತಾ ಹೋದ್ರೆ ಕುದುರೆಮುಖದಲ್ಲಿ ಶೋಲಾ ಕಾಡು ಉಳಿಯುತ್ತಾ? ಆನೆ ಊರಿಗೆ ಬಂತು ಅಂತ ಆಮೇಲೆ ಅಳೋದೂ ಇವರೇ.

ಕಳಸ ಕಡೆಯವನು: ಕುದುರೆಮುಖದ ಗುಡ್ಡ ಅಗೆದಿದ್ದು ಅದಿರು ಕಂಪನಿ, ನಮ್ಮತ್ತೆ ಅಲ್ಲ.

ಹುಲಿಹೆಜ್ಜೆ: ಗಣಿ ಯಾವಾಗ್ಲೋ ನಿಂತಿದೆ. ಒತ್ತುವರಿ ನಿಂತಿಲ್ಲ.

ಮೂಡಿಗೆರೆ ಮಾತು: ಒತ್ತುವರಿ ಅಂದ್ರೆ ಯಾರದು ಹೇಳಿ. ತೋಟದವರು ಹಿಡಿದ ಸರ್ಕಾರಿ ಜಾಗನ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋಕೆ ಕಾನೂನೇ ತಿದ್ದಿದ್ರು. ಎರಡೂಕಾಲು ಎಕರೆಗೆ ಉಪಗ್ರಹ ಬೇಕಾ?

ಆಲ್ದೂರು ಬೆಳೆಗಾರ: ಅದು ಕಂದಾಯ ಜಾಗಕ್ಕೆ ಸ್ವಾಮಿ, ಗುತ್ತಿಗೆ ಹಣವನ್ನೂ ಕಟ್ಟಬೇಕು. ಬೆಳೆಗಾರರನ್ನು ಕಂಡರೆ ಎಲ್ಲರಿಗೂ ಉರಿ.

ಮೂಡಿಗೆರೆ ಮಾತು: ಉರಿ ಅಲ್ಲ, ಲೆಕ್ಕ.

ಸಕಲೇಶಪುರ ಘಾಟಿ: ಸರ್, ಹೇಮಾವತಿ ಮುಳುಗಡೆಯಲ್ಲಿ ಅಜ್ಜನಿಗೆ ಕೊಟ್ಟ ಜಮೀನು. ಈಗ ಅದನ್ನೂ ಅರಣ್ಯ ಅಂತಿದಾರೆ. ನಾವು ಎಲ್ಲಿಗೆ ಹೋಗೋದು?

ಹುಲಿಹೆಜ್ಜೆ: ತಿರಸ್ಕಾರ ಆದವರನ್ನೆಲ್ಲ ಎಬ್ಬಿಸಿ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಓದಿ.

ವಕೀಲರು: ಪೂರ್ತಿ ನೀವು ಓದಿ. ಆ ಆದೇಶ 2019ರ ಫೆಬ್ರವರಿ 13ರದು. ಅದೇ ತಿಂಗಳು 28ಕ್ಕೆ ಅದೇ ಕೋರ್ಟ್ ತಡೆ ಕೊಟ್ಟಿತು. ಅರ್ಧ ಸುದ್ದಿ ನೋಡಿ ಹೆದರಿ ಮನೆ ಖಾಲಿ ಮಾಡುವವರಿದ್ದಾರೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನಕ್ಕೂ ಅರಣ್ಯ ಹಕ್ಕು ಕಾಯ್ದೆ ಅನ್ವಯ. ಕಾಡಿನ ಮೇಲೆ ಕಾಳಜಿ ಇದ್ದರೆ ಸೆಕ್ಷನ್ 5 ನೋಡಿ, ಕಾಡು ಕಾಯುವ ಅಧಿಕಾರವನ್ನೂ ಗ್ರಾಮಸಭೆಗೇ ಕೊಟ್ಟಿದೆ.

ಕೊಪ್ಪ ಗೃಹಿಣಿ: ಸರ್, ನಾವು ಪರಿಶಿಷ್ಟರಲ್ಲ. 75 ವರ್ಷದ ದಾಖಲೆ ಎಲ್ಲಿಂದ ತರೋದು?

ವಕೀಲರು: ಮೂರು ತಲೆಮಾರು ಕಾಡನ್ನು ನಂಬಿ ಅಲ್ಲೇ ವಾಸ ಇದ್ದಿರಿ ಅಂತ ತೋರಿಸಬೇಕು. ಅದೇ ತುಂಡು ಜಮೀನಿಗೆ 75 ವರ್ಷದ ಪಹಣಿ ಬೇಕಿಲ್ಲ. ಸಾಕ್ಷ್ಯಕ್ಕೆ ಮೇಲೆ ಬರೆದ ನಿಯಮ 13 ನೋಡಿ.

ಬಾಳೆಹೊನ್ನೂರು: ಬುಡಕಟ್ಟು ಜನರ ಹಾಡಿಗೆ ರಸ್ತೆ ಕೇಳಿದರೆ ಕೇಂದ್ರದ ಅನುಮತಿ ಬೇಕಂತೆ?

ವಕೀಲರು: ಒಂದು ಹೆಕ್ಟೇರ್ ಒಳಗಿದ್ದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಹೋಗದಿದ್ದರೆ ಬೇಡ. ಸೆಕ್ಷನ್ 3(2). ಗ್ರಾಮಸಭೆ ಶಿಫಾರಸು ಬೇಕು.

ಶೃಂಗೇರಿ ಅಡಿಕೆ: ಬೋರ್ಡಲ್ಲಿ ಏನೂ ಹಾಕಿಲ್ಲ ಸರ್. 57ರ ಕೊನೆ ದಿನ ಯಾವಾಗ?

ಮಲೆನಾಡ ಮಗ: ನಮ್ಮ ಕಡೆ ಒಬ್ಬರು ಸಾವಿರ ರೂಪಾಯಿಗೆ ಹಕ್ಕುಪತ್ರ ಮಾಡಿಸಿಕೊಡ್ತಾರೆ. ನಂಬರ್ ಬೇಕಾದವರು ಇನ್‌ಬಾಕ್ಸ್.

ವಕೀಲರು: ಅಡ್ಮಿನ್, ಇವರನ್ನು ತೆಗೀರಿ, ಇಲ್ಲ ನನ್ನನ್ನು ತೆಗೀರಿ. ಅರಣ್ಯ ಹಕ್ಕು ಅರ್ಜಿಗೆ ಶುಲ್ಕವೇ ಇಲ್ಲ.

ಅಡ್ಮಿನ್: ತೆಗೆದಿದ್ದೇನೆ. ಸಿಟ್ಟಾಗಬೇಡಿ ಸರ್.

ಸಕಲೇಶಪುರ ಘಾಟಿ: ನನ್ನ ಪ್ರಶ್ನೆ ಮೇಲೆ ಹೋಯ್ತು ಸರ್.

ಹುಲಿಹೆಜ್ಜೆ: ಭಿನ್ನಾಭಿಪ್ರಾಯಕ್ಕೆ ಇಲ್ಲಿ ಜಾಗ ಇಲ್ಲ ಅಂತ ಗೊತ್ತಾಯ್ತು. ನಮಸ್ಕಾರ.

ಮೂಡಿಗೆರೆ ಮಾತು: ಹೋಗಿ ಬನ್ನಿ. ರೆಸಾರ್ಟ್‌ಗಳ ಒತ್ತುವರಿ ಬಗ್ಗೆಯೂ ಒಂದು ಪೋಸ್ಟ್ ಹಾಕಿ.

ಕಳಸ ಕಡೆಯವನು: ಸರ್, ಮುಂದೆ ಏನು ಮಾಡೋದು? ಅತ್ತೆಗೆ ಓದಲು ಬರಲ್ಲ, ಹೆಬ್ಬೆಟ್ಟು.

ವಕೀಲರು: ತಿರಸ್ಕರಿಸಿದ್ದು ಉಪವಿಭಾಗ ಸಮಿತಿಯಾದರೆ ಮೇಲ್ಮನವಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಗೆ. 60 ದಿನ ಇದೆ, ಇನ್ನೂ 30 ದಿನ ವಿಸ್ತರಿಸುವುದು ಸಮಿತಿಗೆ ಬಿಟ್ಟದ್ದು, ಅದನ್ನು ನಂಬಿ ಕೂರಬೇಡಿ. ನಿಯಮ 12ಎ ಪ್ರಕಾರ ತಿರಸ್ಕಾರಕ್ಕೆ ವಿವರವಾದ ಕಾರಣ ಕೊಡಬೇಕು, ಅದನ್ನು ಖುದ್ದಾಗಿ ತಿಳಿಸಬೇಕು, ಮೇಲ್ಮನವಿಯಲ್ಲಿ ಅಹವಾಲು ಕೇಳದೆ ವಿಲೇವಾರಿ ಮಾಡುವಂತಿಲ್ಲ. ಒಂದು ಸಾಲಿನ ಚೀಟಿ ಇದಕ್ಕೆ ಸಾಲದು. ಚೀಟಿ ತಲುಪಿದ ತಾರೀಖು ಅದರ ಹಿಂದೆ ಬರೆದಿಡಿ. ಗ್ರಾಮಸಭೆ ನಿರ್ಣಯದ ನಕಲು ಪಂಚಾಯಿತಿಯಲ್ಲಿ ಲಿಖಿತವಾಗಿ ಕೇಳಿ.

ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಎಬ್ಬಿಸುವಂತಿಲ್ಲ, ಸೆಕ್ಷನ್ 4(5). ಅದಕ್ಕೇ ಆ "ಸ್ವಇಚ್ಛೆ" ಕಾಗದ ಬೇಕಾಗಿರೋದು. ಹೆಬ್ಬೆಟ್ಟು ಬಿದ್ದರೆ ಎಬ್ಬಿಸಿದರು ಅಂತ ಆಗಲ್ಲ, ಇವರೇ ಎದ್ದು ಹೋದರು ಅಂತ ಆಗುತ್ತೆ. ನಾಳೆ ಬೆಳಿಗ್ಗೆ ಅತ್ತೆ ಒಬ್ಬರೇ ಇರಬಾರದು, ನೀವು ಮನೆಯಲ್ಲಿರಿ, ಅರಣ್ಯ ಹಕ್ಕು ಸಮಿತಿಯ ಇಬ್ಬರನ್ನು ಕರೆದಿಟ್ಟುಕೊಳ್ಳಿ. ಜಗಳ ಬೇಡ. ಕಾಗದದ ಪ್ರತಿ ಕೇಳಿ, ಕೊಡದಿದ್ದರೆ ಫೋಟೋ. ರಸೀದಿ ಮಾತ್ರ ಅಲ್ಲಿ ಯಾರಿಗೂ ತೋರಿಸಬೇಡಿ, ಅಸಲು ಹಿಡಿದು ನನ್ನ ಕಚೇರಿಗೆ ಬನ್ನಿ.

ಕಳಸ ಕಡೆಯವನು: ಆಯ್ತು ಸರ್. ಎಂಟೂವರೆ ಬಸ್ಸಿಗೆ ಬರಲಾ?

ವಕೀಲರು: ಗಾರ್ಡ್ ಬಂದು ಹೋದ ಮೇಲೆ ಹೊರಡಿ.