ಎಸ್‌ಐ ಜಾಯಿಂಟ್ ನೋವು, ಒಂದು ಕಾಲು ಗಿಡ್ಡ: ಹಿಮ್ಮಡಿ ಪ್ಯಾಡ್ ಹಾಕ್ಬೇಕೇನ್ರಿ?

ಪ್ರಶ್ನೆ (ಕಲಬುರಗಿ)
ವಯಸ್ಸು 34, ಗಂಡಸು. ಟೊಂಕದ ಕೆಳಗ ಬಲಗಡೆ ಎರಡು ತಿಂಗಳಿಂದ ನೋವು, ಕುಂತು ಏಳೋ ಮುಂದ ಜಾಸ್ತಿ. ಕೈರೋಪ್ರಾಕ್ಟಿಕ್‌ನವರು (ಕೈಲೆ ಒತ್ತಿ ಕೀಲು ಕೂಡಿಸ್ತೀವಿ ಅನ್ನೋರು) ಬೋರಲು ಮಲಗಿಸಿ ನೋಡಿ, ಎಸ್‌ಐ ಜಾಯಿಂಟ್ (ಬೆನ್ನುಮೂಳೆ ಬುಡ ಟೊಂಕದ ಎಲುಬಿಗೆ ಕೂಡೋ ಕೀಲು) ಸರಿದದ, ಬಲಗಾಲು 8 ಮಿ.ಮೀ. ಗಿಡ್ಡ ಅಂದ್ರು. ಮಗ್ಗಲಾಗಿಸಿ ಒತ್ತಿದ ಮ್ಯಾಲ ಸಮ, ವಾರಕ್ಕ ಮತ್ತ ಗಿಡ್ಡ. ಈಗ 8 ಮಿ.ಮೀ. ಪ್ಯಾಡ್, 12 ಸಿಟ್ಟಿಂಗ್ ಅಂತಾರ.

ಉತ್ತರ 1
ಒತ್ತಿದ ಕೂಡ್ಲೆ ಸಮ ಆಯ್ತಂದ್ರ ಎಲುಬು ಗಿಡ್ಡ ಇಲ್ರಿ. ಟೊಂಕದ ಸ್ನಾಯು ಬಿಗಿದು ಕಾಲು ಮ್ಯಾಲ ಎಳೆದಿರ್ತದ, ಇಲ್ಲಾ ಅಳತಿನೇ ತಪ್ಪು. ಇದಕ್ಕ ಪ್ಯಾಡ್ ಹಾಕಿದ್ರ ಸಮ ಇದ್ದ ಕಾಲು ಏರುಪೇರು ಮಾಡಿದಂಗ.

ನಿಲ್ಲಿಸಿ ಅಳೀರಿ. ಬರಿಗಾಲು, ಮೊಣಕಾಲು ನೆಟ್ಟಗ. ಹಿಂದ ಕುಂತು ಎರಡೂ ಟೊಂಕದ ಎಲುಬಿನ ಅಂಚಿನ ಮ್ಯಾಲ ಅಂಗೈ ಅಡ್ಡ ಇಡ್ರಿ. ತಗ್ಗಿದ್ದ ಕಡಿ ಪಾದದ ಕೆಳಗ 3 ಮಿ.ಮೀ. ಪ್ಲೈವುಡ್ ತುಂಡು ಒಂದೊಂದೇ ಸೇರಿಸ್ರಿ. ಕೈ ಸಮ ಆದಾಗ ಎಷ್ಟು ದಪ್ಪ ಆಗ್ಯದೋ ಅದೇ ಅಂತರ. ನೆಲಕ್ಕ ಶಹಾಬಾದಿ ಫರ್ಸಿ ಕಲ್ಲು ಹಾಸಿದ್ರ ಮೊದಲ ರಸಮಟ್ಟ ಇಟ್ಟು ನೋಡ್ರಿ, ಒಂದು ಫರ್ಸಿ ಎದ್ದಿದ್ರ ಅಳತಿ ಅಲ್ಲೇ ಕೆಡ್ತದ. 1 ಸೆಂ.ಮೀ. ಒಳಗಿನ ಅಂತರ ನೋವೇ ಇಲ್ಲದ ಮಂದಿಗೂ ಇರ್ತದ.

ಉತ್ತರ 2 (ಫಿಸಿಯೋ, ಬೀದರ್)
"ಕೀಲು ಸರಿದಿತ್ತು, ಕೂಡಿಸಿದ್ವಿ" ಅನ್ನೋದು ನಂಬಬ್ಯಾಡ್ರಿ. ಆ ಕೀಲು ಅಲುಗೋದೇ ಕೆಲವು ಡಿಗ್ರಿ. 1998ರ ಒಂದು ಅಧ್ಯಯನದಾಗ 10 ಮಂದಿಗೆ ಎಲುಬಿನಾಗ ಲೋಹದ ಸಣ್ಣ ಗುಂಡು ಕೂಡಿಸಿ, ಒತ್ತೋ ಮುಂಚೆ, ಒತ್ತಿದ ಮ್ಯಾಲ ಎಕ್ಸ್‌ರೇ ತೆಗೆದ್ರು. ಕೈಲೆ ಮುಟ್ಟಿ ಮಾಡಿದ ಪರೀಕ್ಷಿ ಸರಿ ಆಗ್ಯದ ಅಂತ ತೋರಿಸ್ತು, ಕೀಲು ಮಾತ್ರ ಇದ್ದಲ್ಲೇ ಇತ್ತು. ಹಂಗಂತ ಒತ್ತಿಸಿಕೊಂಡ್ರ ಉಪಯೋಗ ಇಲ್ಲಂತಲ್ಲ. ಸ್ನಾಯು ಸಡಿಲಾಗಿ ನೋವು ಇಳೀಬಹುದು. ಅದಕ್ಕ ಕಾಲಿನ ಉದ್ದ ಬಿಡ್ರಿ, ನೋವು ಲೆಕ್ಕ ಹಾಕ್ರಿ.

ಕೀಲಿಗೆ ಒತ್ತಡ ಕೊಟ್ಟು ನೋವು ಎಬ್ಬಿಸೋ ಐದು ಪರೀಕ್ಷಿ ಅವ. ಮೂರರಾಗಾದ್ರೂ ಅದೇ ನೋವು ಬಂದ್ರ ಎಸ್‌ಐ ಅನ್ನಬಹುದು, ಒಂದೇ ಒಂದರ ಮ್ಯಾಲ ಹೇಳಿದ್ರ ಸಾಲದು. ನಾಲ್ಕು ಸಿಟ್ಟಿಂಗಿಗೂ ಫರಕ್ ಇಲ್ಲಂದ್ರ ನಿಲ್ಲಿಸ್ರಿ. 12ಕ್ಕ ಮುಂಗಡ ರೊಕ್ಕ ಯಾಕ?

ಉತ್ತರ 3
ಮೊದಲ ಕೇಳಬೇಕಾದ್ದು ಯಾರೂ ಕೇಳಿಲ್ಲ. ಮುಂಜಾನಿ ಅರ್ಧ ತಾಸು ಬಿಗಿತ, ಅಡ್ಡಾಡಿದ್ರ ಹಗುರ, ನಸುಕಿಗೆ ನೋವಿಗೆ ಎಚ್ಚರ ಆಗ್ತದೇನು? ಈ ವಯಸ್ಸಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆ, ಎಸ್‌ಐ ಕೀಲಿಗೆ ಬರೋ ಉರಿಯೂತದ ವಾತ) ಇರಬಹುದು, ಎಕ್ಸ್‌ರೇ ಚೆಂದ ಇದ್ರೂ ಎಂಆರ್‌ಐನಾಗ ಕಾಣ್ತದ. ಜ್ವರ ಬಂದು ಹೋಗ್ತದೇನು, ಕುರಿ-ಆಡಿನ ಒಡನಾಟ, ಹಸಿ ಹಾಲು? ಬ್ರುಸೆಲ್ಲಾ (ದನ-ಕುರಿಯಿಂದ ಮನುಷ್ಯರಿಗೆ ಬರೋ ಸೋಂಕಿನ ರೋಗಾಣು) ಬಂದು ಕೂಡೋದು ಬಹಳ ಸಲ ಇದೇ ಕೀಲಿಗೆ. ಇವೆರಡರಾಗ ಒಂದು ಇದ್ರೂ ತಪಾಸಣೆ ಆಗೋತನ ಒತ್ತಿಸಬ್ಯಾಡ್ರಿ.

ಪ್ರಶ್ನೆ ಕೇಳಿದವರು
ಜ್ವರ, ಬಿಗಿತ ಇಲ್ರಿ. ನಿಲ್ಲಿಸಿ ಅಳದ್ರ ಅಂತರ 3 ಮಿ.ಮೀ.

ಉತ್ತರ 1
ಹಂಗಿದ್ರ ಪ್ಯಾಡ್ ಬಿಡ್ರಿ.