ಕನ್ನಡ ಪಾಠಕ್ಕೆ ವರ್ಡ್ ಕ್ಲೌಡ್: ಮಾಡಿ ನೋಡಿದವರು ಹೇಳ್ತೀರಾ?

ಹಾಸನದಿಂದ, ಕೇಳಿದವರು:

ಎಂಟನೇ ಕ್ಲಾಸಿಗೆ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಇಂಗ್ಲಿಷ್ ಮೇಡಂ ತಮ್ಮ ಪಾಠವನ್ನು ವರ್ಡ್ ಕ್ಲೌಡ್ ಮಾಡಿ ಪ್ರೊಜೆಕ್ಟರಿನಲ್ಲಿ ತೋರಿಸಿದರು. ಜಾಸ್ತಿ ಸಲ ಬಂದ ಪದ ದೊಡ್ಡದು, ಕಡಿಮೆ ಬಂದದ್ದು ಚಿಕ್ಕದು. ಮಕ್ಕಳಿಗೆ ತುಂಬಾ ಇಷ್ಟವಾಯಿತು. ನಾನೂ ಒಂದು ಕನ್ನಡ ಪಾಠ ಹಾಕಿದೆ. ಅಕ್ಷರಗಳೆಲ್ಲ ಒಡೆದು ಬಂದವು. ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಕನ್ನಡಕ್ಕೆ ಇದು ಆಗುತ್ತದಾ? ಆದರೂ ಮಕ್ಕಳು ಏನಾದರೂ ಕಲಿಯುತ್ತಾರಾ, ಸುಮ್ನೆ ನೋಡೋಕೆ ಚೆಂದ ಅಷ್ಟೇನಾ?

ಬೇಲೂರಿನಿಂದ, ಕನ್ನಡ ಮೇಷ್ಟ್ರು:

ಆಗುತ್ತದೆ ಮೇಡಂ. ಮೂರು ವರ್ಷದಿಂದ ಮಾಡುತ್ತಿದ್ದೇನೆ.

ಮೊದಲು ಅಕ್ಷರದ ವಿಷಯ. ಕೆಲವು ಸಾಧನಗಳಲ್ಲಿ ಕನ್ನಡದ ಫಾಂಟ್ ಇರುವುದಿಲ್ಲ. ಇನ್ನು ಕೆಲವಕ್ಕೆ ನಮ್ಮ ಗುಣಿತದ ಚಿಹ್ನೆ ಅಕ್ಷರದ ಭಾಗ ಅಂತ ಗೊತ್ತಾಗುವುದಿಲ್ಲ. ಅಲ್ಲೇ ಪದ ಮುಗಿಯಿತು ಎಂದುಕೊಂಡು ಕತ್ತರಿಸುತ್ತವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವರ್ಡ್‌ಕ್ಲೌಡ್ ಪ್ಯಾಕೇಜಿನಲ್ಲಿ ನನಗೂ ಹೀಗೇ ಆಯಿತು. ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟ್ ಕೊಟ್ಟು, ಪದ ಮತ್ತು ಅದು ಎಷ್ಟು ಸಲ ಬಂದಿದೆ ಎಂಬ ಪಟ್ಟಿಯನ್ನು ನಾವೇ ಕೊಟ್ಟರೆ ಪದ ಒಡೆಯುವುದಿಲ್ಲ. ಇದು ತಲೆನೋವು ಅನಿಸಿದರೆ ಬ್ರೌಸರಿನಲ್ಲೇ ನಡೆಯುವ ಸಾಧನ ನೋಡಿ, ಒತ್ತು ಸಾಮಾನ್ಯವಾಗಿ ಸರಿಯಾಗಿ ಕೂರುತ್ತದೆ. ಹಳೆಯ ಲೇಖನಗಳಲ್ಲಿ ವರ್ಡಲ್ ಬಳಸಿ ಎಂದು ಬರೆದಿರುತ್ತಾರೆ. 2008ರಲ್ಲಿ ಬಂದ ಆ ಸಾಧನಕ್ಕೆ ಜಾವಾ ಬೇಕಿತ್ತು, ಈಗಿನ ಬ್ರೌಸರಿನಲ್ಲಿ ಓಡುವುದಿಲ್ಲ. ಈಗ ಆ ಹೆಸರಲ್ಲಿ ಹುಡುಕಿದರೆ ಐದಕ್ಷರದ ಇಂಗ್ಲಿಷ್ ಪದ ಊಹಿಸುವ ಆಟ ಸಿಗುತ್ತದೆ. ಅದು ಬೇರೆ.

ನನಗೆ ನಿಜವಾಗಿ ತೊಡಕಾಗಿದ್ದು ಇದಲ್ಲ, ಪ್ರತ್ಯಯ. ಮರ, ಮರದ, ಮರಕ್ಕೆ, ಮರದಲ್ಲಿ, ಮರಗಳನ್ನು. ನಮಗೆ ಒಂದೇ ಮರ. ಕಂಪ್ಯೂಟರಿಗೆ ಐದು ಬೇರೆ ಬೇರೆ ಪದ. ಮರದ ಬಗ್ಗೆಯೇ ಇರುವ ಪಾಠ ಹಾಕಿದರೆ ಮರ ಮೂಲೆಯಲ್ಲಿ ಪುಟ್ಟದಾಗಿ ಕೂತಿತ್ತು, 'ಮತ್ತು', 'ಒಂದು', 'ಎಂದು' ನಡುವೆ ದೊಡ್ಡದಾಗಿ ಕೂತಿದ್ದವು. ಬೇಜಾರಾಯಿತು. ಆಮೇಲೆ ಆ ಕೆಲಸವನ್ನು ಮಕ್ಕಳಿಗೇ ಕೊಟ್ಟೆ. ನಾಲ್ಕು ನಾಲ್ಕು ಜನರ ಗುಂಪು, ಒಂದೊಂದು ಗುಂಪಿಗೆ ಒಂದೊಂದು ಪುಟ. ಪದದ ಪ್ರತ್ಯಯ ಬಿಡಿಸಿ, ಮೂಲಪದದ ಮುಂದೆ ಒಂದು ಗೆರೆ ಎಳೆಯಬೇಕು. ಐದು ಗೆರೆಗೆ ಒಂದು ಕಟ್ಟು. ಯಾವ ಪದ ಬಿಟ್ಟುಬಿಡಬೇಕು ಅನ್ನೋದನ್ನೂ ಅವರೇ ಚರ್ಚೆ ಮಾಡಿ ತೀರ್ಮಾನಿಸಬೇಕು.

ಉ, ಅನ್ನು, ಇಂದ, ಗೆ, ಅ, ಅಲ್ಲಿ ಅಂತ ವಿಭಕ್ತಿ ಪ್ರತ್ಯಯವನ್ನು ನಮ್ಮ ಮಕ್ಕಳು ಮಗ್ಗಿ ಹೇಳಿದ ಹಾಗೆ ಹೇಳುತ್ತಾರೆ. ಓದುವ ವಾಕ್ಯದಲ್ಲಿ ಅದು ಎಲ್ಲಿದೆ ಎಂದರೆ ತೋರಿಸುವುದಿಲ್ಲ. ಆ ದಿನ ತೋರಿಸಿದರು. ಒಬ್ಬ ಹುಡುಗಿ ಎದ್ದು ನಿಂತು, "ಸರ್, ಮರ, ಇಂದ ಎರಡನ್ನೂ ಬಿಡಿಸಿದೆ. ನಡುವೆ ಒಂದು 'ದ' ಉಳೀತು. ಇದು ಯಾರದು?" ಎಂದಳು. ಇನ್ನೊಬ್ಬ, "'ಮರವನ್ನು'ದಲ್ಲಿ 'ವ' ಉಳೀತು ಸರ್" ಎಂದ. ಆಗಮ ಅಂದರೆ ಏನು ಅಂತ ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಅವತ್ತು ಅವರೇ ಕೇಳಿದರು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಬೆಲ್ ಹೊಡೆದದ್ದೂ ಕೇಳಿಸಲಿಲ್ಲ.

ವಚನಕ್ಕೂ ಮಾಡಿ. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮ, ಮೂವರದೂ ಹತ್ತು ಹತ್ತು ವಚನ ತಗೊಂಡು ಮೂರು ವರ್ಡ್ ಕ್ಲೌಡ್. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಕಣ್ಣಿಗೆ ರಾಚುತ್ತವೆ. ಅಂಕಿತ ಎಂದರೇನು ಅಂತ ಬೇರೆ ಹೇಳಬೇಕಾಗಿಲ್ಲ. ಮಾರನೇ ದಿನ ಅಂಕಿತ ತೆಗೆದುಹಾಕಿ ಮತ್ತೆ ತೋರಿಸಿ, ಯಾರದು ಯಾವುದು ಎಂದು ಕೇಳಿ. ಈಗ ಊಹೆ ನಡೆಯುವುದಿಲ್ಲ. ವಚನಗಳನ್ನೇ ಮತ್ತೆ ತೆಗೆದು ಓದಬೇಕು.

ಸಕಲೇಶಪುರ ಕಡೆಯಿಂದ, ಪ್ರೈಮರಿ ಶಾಲೆ ಟೀಚರ್:

ನಮ್ಮಲ್ಲಿ ಕಂಪ್ಯೂಟರ್ ಇಲ್ಲ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಚಾರ್ಟ್ ಪೇಪರಿನಲ್ಲೇ ಮಾಡಿದ್ದೇನೆ. "ನಿಮ್ಮೂರು ಅಂದರೆ ಏನು ನೆನಪಾಗುತ್ತದೆ, ಮೂರು ಪದ ಬರೆಯಿರಿ" ಎಂದೆ. 21 ಮಕ್ಕಳು, 63 ಚೀಟಿ. ಒಂದೇ ಪದದ ಚೀಟಿಗಳನ್ನು ಒಟ್ಟು ಮಾಡಿ, ಜಾಸ್ತಿ ಇದ್ದದ್ದನ್ನು ದಪ್ಪ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದೆವು. ಎಲ್ಲಕ್ಕಿಂತ ದೊಡ್ಡದು ಆನೆ. ಆಮೇಲೆ ಮಳೆ, ಆಮೇಲೆ ಕಾಫಿ. ಆನೆ ಬಂದಿದೆ ಎಂದು ಶಾಲೆಗೆ ಬರಲಾಗದ ದಿನಗಳು ಇಲ್ಲಿನ ಮಕ್ಕಳಿಗೆ ಹೊಸದಲ್ಲ.

ಒಂದೇ ಒಂದು ಚೀಟಿಯಲ್ಲಿ 'ರೈಲು' ಎಂದಿತ್ತು. ನಮ್ಮ ಶಾಲೆ ಹತ್ತಿರ ರೈಲೇ ಬರುವುದಿಲ್ಲ. ಯಾರದು ಎಂದು ಕೇಳಿದೆ. ತೋಟದ ಲೈನ್ ಮನೆಯ ಹುಡುಗ. ಅಪ್ಪ ಅಮ್ಮ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು. ಅವನಿಗೆ ಊರು ಎಂದರೆ ಆ ರೈಲು. ಕ್ಲಾಸಿನಲ್ಲಿ ಮಾತೇ ಆಡದಿದ್ದವನು ಅವತ್ತು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಎಷ್ಟೋ ಹೊತ್ತು ಹೇಳಿದ. ವರ್ಡ್ ಕ್ಲೌಡಿನಲ್ಲಿ ಹೆಚ್ಚು ಜನ ಹೇಳಿದ್ದೇ ದೊಡ್ಡದಾಗುತ್ತದೆ, ಅಲ್ವಾ? ಅದಕ್ಕೇ ನಾನು ಮಾತು ಶುರು ಮಾಡುವುದು ಯಾವಾಗಲೂ ತೀರಾ ಚಿಕ್ಕ ಪದದಿಂದ.

ಚಿಕ್ಕಮಗಳೂರಿನಿಂದ, ವಿಜ್ಞಾನ ಶಿಕ್ಷಕಿ:

ಎರಡು ಮಾತು. ಉದ್ದದ ಪದ ಜಾಗ ಜಾಸ್ತಿ ತಗೊಳ್ಳುತ್ತದೆ. 'ದ್ಯುತಿಸಂಶ್ಲೇಷಣೆ', 'ಎಲೆ' ಎರಡೂ ನಾಲ್ಕು ನಾಲ್ಕು ಸಲ ಬಂದರೂ ಮೊದಲನೆಯದೇ ಮುಖ್ಯ ಎಂದು ಕಾಣುತ್ತದೆ. ಹಾಗಾಗಿ ಪಕ್ಕದಲ್ಲಿ ಸಂಖ್ಯೆಯ ಪಟ್ಟಿ ಇಡಿ. ಇನ್ನೊಂದು, 'ಇಲ್ಲ', 'ಅಲ್ಲ' ತಮ್ಮ ವಾಕ್ಯದಿಂದ ಕಳಚಿಕೊಳ್ಳುತ್ತವೆ. ಮಗು 'ಮಣ್ಣಿನಿಂದ ಅಲ್ಲ' ಎಂದು ಬರೆದರೂ ಮಣ್ಣು ದೊಡ್ಡದಾಗುತ್ತದೆ. ಮಾರ್ಕ್ಸ್ ಕೊಡುವುದಕ್ಕೆ ಮಾತ್ರ ಇದನ್ನು ಬಳಸಬೇಡಿ.

ನಾನು ಬಳಸುವುದು ಪಾಠಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ. ಗಿಡಕ್ಕೆ ಆಹಾರ ಎಲ್ಲಿಂದ ಎಂದು ಕೇಳಿದರೆ ಮೊದಲ ಸಲ ಗೊಬ್ಬರವೇ ದೊಡ್ಡದು. ತೋಟದ ಮಕ್ಕಳು, ಗೊಬ್ಬರ ಹಾಕುವುದನ್ನೇ ನೋಡಿ ಬೆಳೆದವರು. ಪಾಠವಾದ ಮೇಲೆ ಬೆಳಕು, ಎಲೆ, ಗಾಳಿ ಬಂದವು. ಗೊಬ್ಬರ ಚಿಕ್ಕದಾಯಿತು, ಹೋಗಲಿಲ್ಲ. ಮತ್ತೆ ಒಂದು ಪೀರಿಯಡ್ ಅದಕ್ಕೇ ಕೊಟ್ಟೆ.

ಹಾಸನದಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ವಾರ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದೇವೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಹೋಗುವ ಮುಂಚೆ ಮೂರು ಪದ, ಬಂದ ಮೇಲೆ ಮೂರು ಪದ ಬರೆಸುತ್ತೇನೆ. ಕಂಪ್ಯೂಟರ್ ಬೇಡ, ಚೀಟಿ ಸಾಕು. ಬೇಲೂರಿನ ಮೇಷ್ಟ್ರೇ, ಮಕ್ಕಳು ಗೆರೆ ಎಳೆದ ಆ ಪಟ್ಟಿಯ ಒಂದು ಫೋಟೊ ಕಳಿಸ್ತೀರಾ? ಬಿಟ್ಟುಬಿಡುವ ಪದ ಯಾವುದು ಎಂದು ಅವರು ಹೇಗೆ ತೀರ್ಮಾನ ಮಾಡಿದರು ಅಂತ ನೋಡಬೇಕು.