ಕೋಣದ ಹಿಂಗಾಲಿಗೆ ಐಕೆ ಹಾಕಿದರೆ ಕೆಳಗಿನ ಕೀಲು ಉಲ್ಟಾ ಮಡಚುತ್ತಿದೆ

ಕರೆಯಂಚು:
ಕಂಬಳದ ಕೋಣಗಳ ಓಟವನ್ನು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಆ್ಯನಿಮೇಟ್ ಮಾಡುತ್ತಿದ್ದೇನೆ. ಮುಂಗಾಲು ಹೇಗೋ ಸರಿಹೋಯಿತು, ಹಿಂಗಾಲು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ತೊಡೆಗೊಂದು ಬೋನ್ (ಮಾದರಿಯನ್ನು ಆಡಿಸುವ ಡಿಜಿಟಲ್ ಮೂಳೆ), ಅದರ ಕೆಳಗೊಂದು, ಆಮೇಲೆ ಗೊರಸಿನ ತನಕ ಇಳಿಯುವ ಉದ್ದದ್ದೊಂದು, ಹೀಗೆ ಮೂರಿವೆ. ಕೊನೆಯದಕ್ಕೆ ಐಕೆ ಕನ್‌ಸ್ಟ್ರೇಂಟ್ (ತುದಿಯನ್ನು ಎಳೆದರೆ ಮೇಲಿನ ಕೀಲುಗಳನ್ನು ತಾನೇ ಮಡಚುವ ನಿಯಮ) ಹಾಕಿ, ಮೂರೂ ಬೋನ್ ಅದಕ್ಕೆ ಸೇರಲಿ ಅಂತ ಚೈನ್ ಲೆಂತ್ 3 ಕೊಟ್ಟಿದ್ದೇನೆ. ಕಾಲಿನ ತುದಿ ಹಿಂಬಾಲಿಸುವ ಟಾರ್ಗೆಟ್ ಬೋನ್ ಗೊರಸಿನ ಹತ್ತಿರ ಇದೆ, ಮೊಣಕಾಲು ಯಾವ ಕಡೆ ತಿರುಗಬೇಕು ಅಂತ ತೋರಿಸುವ ಪೋಲ್ ಮೊಣಕಾಲಿನ ಮುಂದೆ. ಪೋಲ್ ಕೊಟ್ಟ ಕೂಡಲೇ ಇಡೀ ಕಾಲು ಪಕ್ಕಕ್ಕೆ ತಿರುಗುತ್ತದೆ. ಪೋಲ್ ಆ್ಯಂಗಲ್ ಎಳೆದಾಡಿ ನೇರ ಮಾಡಿದರೆ, ಗೊರಸು ಮೇಲೆತ್ತಿದಾಗ ಕೆಳಗಿನ ಕೀಲು ಉಲ್ಟಾ ಮಡಚುತ್ತದೆ. ಯಾರಿಗಾದರೂ ಗೊತ್ತಾ?

ಗೊಂಬೆಯಾಟ:
ಮೊದಲು ಬೋನ್ ರೋಲ್, ಅಂದರೆ ಬೋನ್ ತನ್ನ ಉದ್ದದ ಸುತ್ತ ಎಷ್ಟು ತಿರುಗಿದೆ ಅನ್ನೋದನ್ನು ನೋಡಿ. ಪೋಲ್ ಆ್ಯಂಗಲ್ ಸಾಮಾನ್ಯವಾಗಿ 0, 90, -90, 180 ಇಷ್ಟರಲ್ಲೇ ಎಲ್ಲೋ ಕೂರಬೇಕು. ನಡುವಿನ ಯಾವುದೋ ಸಂಖ್ಯೆ ಕೊಟ್ಟರಷ್ಟೇ ಕಾಲು ನೇರ ಆಗುತ್ತದೆ ಅಂದರೆ ರೋಲ್ ಕೆಟ್ಟಿದೆ, ಇಲ್ಲವೇ ಪೋಲ್ ಕಾಲಿನ ನೇರಕ್ಕೆ ಇಲ್ಲ, ಪಕ್ಕಕ್ಕೆ ಸರಿದಿದೆ. ಎಡಿಟ್ ಮೋಡ್‌ನಲ್ಲಿ ಮೂರೂ ಬೋನ್ ಆರಿಸಿ ಶಿಫ್ಟ್ + ಎನ್ ಒತ್ತಿ, ಎಲ್ಲದಕ್ಕೂ ಒಂದೇ ಅಕ್ಷ ಕೊಡಿ. ಆರ್ಮೇಚರ್‌ನ (ಬೋನ್‌ಗಳ ಇಡೀ ಅಸ್ಥಿಪಂಜರದ) ಸ್ಕೇಲ್ ಅಪ್ಲೈ ಮಾಡಿದ್ದೀರಿ ತಾನೇ? ಇನ್ನೊಂದು, ಟಾರ್ಗೆಟ್ ಬೋನ್ ಅದೇ ಚೈನ್‌ನ ಮಗು (ಪೇರೆಂಟ್ ಬೋನ್ ಜೊತೆಗೇ ಚಲಿಸುವಂಥದ್ದು) ಆಗಿರಬಾರದು. ಆಗಿದ್ದರೆ ಕಾಲು ಟಾರ್ಗೆಟ್‌ನ ಹಿಂದೆ, ಟಾರ್ಗೆಟ್ ಕಾಲಿನ ಹಿಂದೆ ಓಡುತ್ತಾ ಇರುತ್ತವೆ.

ಮೂಳೆಮಾಲೆ:
ರೋಲ್ ಸರಿ ಮಾಡಿದರೆ ಪಕ್ಕಕ್ಕೆ ತಿರುಗೋದು ನಿಲ್ಲುತ್ತದೆ, ಒಪ್ಪುತ್ತೇನೆ. ಆದರೆ ಉಲ್ಟಾ ಮಡಚೋದು ನಿಲ್ಲಲ್ಲ. ತೊಂದರೆ ಇರೋದೇ ಆ 3 ರಲ್ಲಿ.

ಎರಡು ಬೋನ್ ಇದ್ದಾಗ ಲೆಕ್ಕ ಸುಲಭ. ಸೊಂಟದಿಂದ ಟಾರ್ಗೆಟ್‌ಗೆ ಇರುವ ದೂರ ಒಂದು ಬದಿ, ಎರಡು ಬೋನ್‌ಗಳ ಉದ್ದ ಇನ್ನೆರಡು ಬದಿ, ಅಂದರೆ ಒಂದು ತ್ರಿಕೋನ. ಅದರ ಆಕಾರ ಬದಲಾಗಲ್ಲ, ಮೊಣಕಾಲು ಒಂದು ವೃತ್ತದ ಮೇಲೆ ಸುತ್ತಬಹುದು ಅಷ್ಟೇ. ಆ ವೃತ್ತದಲ್ಲಿ ಎಲ್ಲಿ ನಿಲ್ಲಬೇಕು ಅಂತ ಪೋಲ್ ಹೇಳುತ್ತದೆ. ಮೂರು ಬೋನ್ ಆದರೆ ಅದೇ ಟಾರ್ಗೆಟ್ ಮುಟ್ಟೋಕೆ ಲೆಕ್ಕವಿಲ್ಲದಷ್ಟು ದಾರಿ ಇರುತ್ತವೆ. ಪೋಲ್ ಇಡೀ ಚೈನನ್ನು ತಿರುಗಿಸುತ್ತದೆ, ಯಾವ ಕೀಲು ಎಷ್ಟು ಮಡಚಬೇಕು ಅನ್ನೋದು ಅದರ ಕೈಯಲ್ಲಿಲ್ಲ. ಕೋಣದ ಹಿಂಗಾಲು ಬೇರೆ ಅಂಕುಡೊಂಕು. ನಿಜವಾದ ಮೊಣಕಾಲು ಹೊಟ್ಟೆಯ ಹತ್ತಿರ ಇದೆ, ಅದು ಮುಂದಕ್ಕೆ ಚಾಚಿರುತ್ತದೆ. ಹಿಂದಕ್ಕೆ ಚೂಪಾಗಿ ಕಾಣುವುದು ಹಿಮ್ಮಡಿ. ಜನ ಅದನ್ನೇ ಮೊಣಕಾಲು ಅಂದುಕೊಂಡು ರಿಗ್ ಮಾಡುತ್ತಾರೆ (ಬೋನ್ ಜೋಡಿಸುತ್ತಾರೆ), ಅದೊಂದು ದೊಡ್ಡ ಕಥೆ.

ಹೀಗೆ ಮಾಡಿ. ಗೊರಸಿನ ಕಂಟ್ರೋಲ್ ಬೋನ್ ಉದ್ದದ ಬೋನ್ ಮುಗಿಯುವ ಜಾಗದಲ್ಲೇ ಶುರುವಾಗಲಿ, ಅದಕ್ಕೆ ರೂಟ್ ಬೋನ್ ಪೇರೆಂಟ್. ಅದೇ ಜಾಗದಿಂದ ಹಿಮ್ಮಡಿಯ ತನಕ, ಕೆಳಗಿನಿಂದ ಮೇಲಕ್ಕೆ, ಒಂದು ಸಹಾಯಕ ಬೋನ್ ಎಳೆಯಿರಿ. ಇದಕ್ಕೆ ಗೊರಸಿನ ಕಂಟ್ರೋಲ್ ಪೇರೆಂಟ್. ಹಿಮ್ಮಡಿಯಲ್ಲಿ ಶುರುವಾಗುವ ಒಂದು ಪುಟ್ಟ ಬೋನ್ ಇಟ್ಟು ಅದನ್ನು ಸಹಾಯಕದ ಮಗು ಮಾಡಿ. ಈಗ ಐಕೆಯನ್ನು ಎರಡನೇ ಬೋನ್‌ಗೆ ಹಾಕಿ, ಚೈನ್ ಲೆಂತ್ 2, ಟಾರ್ಗೆಟ್ ಆ ಪುಟ್ಟ ಬೋನ್. ಪೋಲ್ ಈಗಿರುವ ಕಡೆ ಇರಲಿ. ಮೂರನೆಯದರ ಹಳೆಯ ಐಕೆ ತೆಗೆದು ಡ್ಯಾಂಪ್ಡ್ ಟ್ರ್ಯಾಕ್ ಹಾಕಿ, ಗೊರಸಿನ ಕಂಟ್ರೋಲ್ ಕಡೆ ತಿರುಗಿಸಿ. ಸಹಾಯಕ ಬೋನನ್ನು ತಿರುಗಿಸಿದರೆ ಗೊರಸು ನೆಲದಲ್ಲೇ ಇದ್ದು ಹಿಮ್ಮಡಿ ಹಿಂದೆ ಮುಂದೆ ಹೋಗುತ್ತದೆ, ಮೊಣಕಾಲು ಅದಕ್ಕೆ ತಕ್ಕಂತೆ ಮಡಚುತ್ತದೆ. ಎಡಿಟ್ ಮೋಡ್‌ನಲ್ಲಿ ಮೊಣಕಾಲು ಸ್ವಲ್ಪ ಬಾಗಿರಲಿ. ಪೂರ್ತಿ ನೇರ ಇದ್ದರೆ ಯಾವ ಕಡೆ ಮಡಚಬೇಕು ಅಂತ ಅದಕ್ಕೆ ತಿಳಿಯಲ್ಲ.

ಗೊಂಬೆಯಾಟ:
ಇಷ್ಟೆಲ್ಲಾ ಕಷ್ಟ ಯಾಕೆ, ರಿಗಿಫೈ ಆ್ಯಡ್‌ಆನ್‌ನಲ್ಲಿ ಕುದುರೆಯ ಮೆಟಾರಿಗ್ (ಬೋನ್‌ಗಳ ಮಾದರಿ ಚೌಕಟ್ಟು) ರೆಡಿ ಇದೆಯಲ್ಲಾ. ಕಾಲು ಗಿಡ್ಡ ಮಾಡಿ, ಕುತ್ತಿಗೆ ಇಳಿಸಿದರೆ ಕೋಣ. ಐಕೆ, ಎಫ್‌ಕೆ (ಪ್ರತಿ ಬೋನನ್ನೂ ನಾವೇ ತಿರುಗಿಸುವ ವಿಧಾನ) ನಡುವೆ ಬದಲಾಯಿಸುವ ಸ್ಲೈಡರ್ ಕೂಡ ಸಿಗುತ್ತದೆ.

ಮೂಳೆಮಾಲೆ:
ಕೆಲಸ ಬೇಗ ಮುಗಿಯಬೇಕಿದ್ದರೆ ಅದೇ ಒಳ್ಳೆಯದು. ಆದರೆ ಗೇಮ್‌ಗೆ ಕಳಿಸೋದಾದರೆ ರಿಗಿಫೈ ಹುಟ್ಟಿಸುವ ಅಷ್ಟೊಂದು ಬೋನ್‌ಗಳಲ್ಲಿ ಬೇಕಾದ್ದನ್ನು ಆರಿಸೋದೇ ಒಂದು ಕೆಲಸ.

ಕರೆಯಂಚು:
ಸಹಾಯಕ ಬೋನ್ ಉಪಾಯ ಕೆಲಸ ಮಾಡಿತು, ಹಿಮ್ಮಡಿ ಈಗ ಚೆನ್ನಾಗಿ ಆಡುತ್ತಿದೆ! ಗೇಮ್‌ಗೇ ಕಳಿಸಬೇಕು ಸರ್. ಈ ಕನ್‌ಸ್ಟ್ರೇಂಟ್‌ಗಳೆಲ್ಲಾ ಅಲ್ಲಿಗೂ ಹೋಗುತ್ತವಾ? ಇನ್ನೊಂದು, ಓಟದಲ್ಲಿ ಕಾಲು ಗಾಳಿಯಲ್ಲೇ ಜಾಸ್ತಿ ಇರುತ್ತದೆ, ಆಗ ಎಫ್‌ಕೆಗೆ ಹೋಗಲಾ?

ಮೂಳೆಮಾಲೆ:
ಹೋಗಲ್ಲ. ಗೇಮ್‌ಗೆ ಕಳಿಸುವ ಫೈಲ್ ಎಫ್‌ಬಿಎಕ್ಸ್ ಆಗಲಿ ಜಿಎಲ್‌ಟಿಎಫ್ ಆಗಲಿ ಬ್ಲೆಂಡರ್‌ನ ಕನ್‌ಸ್ಟ್ರೇಂಟ್ ಹೊತ್ತೊಯ್ಯಲ್ಲ, ಬೋನ್‌ಗಳ ಚಲನೆ ಮಾತ್ರ ಹೋಗುತ್ತದೆ. ಪೋಸ್ ಮೋಡ್‌ನಲ್ಲಿ ಬೇಕ್ ಆ್ಯಕ್ಷನ್ ಕೊಟ್ಟು ಚಲನೆಯನ್ನು ಫ್ರೇಮ್ ಫ್ರೇಮ್‌ಗೆ ಕೀಗಳಾಗಿ ಬರೆಸಿ, ವಿಶುವಲ್ ಕೀಯಿಂಗ್ ಟಿಕ್ ಮಾಡೋದು ಮರೆಯಬೇಡಿ. ಇಲ್ಲದಿದ್ದರೆ ಐಕೆಯಿಂದ ಬಂದ ಚಲನೆ ಕೀಗಳಲ್ಲಿ ಬರೋದೇ ಇಲ್ಲ, ಕಾಲು ಸೆಟೆದು ನಿಲ್ಲುತ್ತದೆ. ಟಾರ್ಗೆಟ್, ಪೋಲ್, ಸಹಾಯಕ ಬೋನ್‌ಗಳಿಗೆ ಡಿಫಾರ್ಮ್ (ಮೈಯ ಆಕಾರವನ್ನು ಎಳೆಯುವ ಆಯ್ಕೆ) ಆಫ್ ಮಾಡಿಟ್ಟು, ಎಕ್ಸ್‌ಪೋರ್ಟ್ ಮಾಡುವಾಗ ಡಿಫಾರ್ಮ್ ಬೋನ್ ಮಾತ್ರ ಅಂತ ಆರಿಸಿ.

ಎಫ್‌ಕೆ ವಿಷಯ: ಗಾಳಿಯಲ್ಲಿರುವ ಕಾಲು ಎಫ್‌ಕೆಯಲ್ಲಿ ಚೆನ್ನಾಗಿ ಬೀಸುತ್ತದೆ, ನಿಜ. ಆದರೆ ಕೆಸರಿಗೆ ಗೊರಸು ಊರಿ ಮೈ ಮುಂದೆ ಸಾಗುವ ಆ ಕೆಲವು ಫ್ರೇಮ್‌ಗಳಲ್ಲಿ ಗೊರಸು ಜಾರಿದರೆ ಕೋಣಕ್ಕೆ ತೂಕವೇ ಇಲ್ಲ ಅನ್ನಿಸುತ್ತದೆ. ಅಷ್ಟು ಚಿಕ್ಕ ಓಟದ ಸೈಕಲ್‌ಗೆ ನಡುವೆ ಬದಲಾಯಿಸೋದು ಸುಮ್ನೆ ತಲೆನೋವು, ನಾನಾದರೆ ಪೂರ್ತಿ ಐಕೆಯಲ್ಲೇ ಮಾಡುತ್ತೇನೆ. ಬೇಕ್ ಮಾಡುವ ಮುಂಚೆ ಫೈಲ್‌ನ ಒಂದು ಕಾಪಿ ಬೇರೆ ಇಡಿ, ಕನ್‌ಸ್ಟ್ರೇಂಟ್ ಅಳಿಸಿದ ಮೇಲೆ ತಿದ್ದೋಕೆ ಬರೀ ಕೀಗಳ ರಾಶಿ ಉಳಿದಿರುತ್ತದೆ.